ಸಾಲು ಮುಗಿಯುವ ತನಕ

ಬಸ್ಸಮ್ಮನ ಕಾಲ್ಬೆರಳಿಗೆ ವರ್ಷದ ಹನ್ನೆರಡು ತಿಂಗಳೂ ಗೋರಂಟಿ. ಸಿಂಧನೂರಿನ ಕಾಲೇಜಿನಲ್ಲಿ ಅವಳ ಜೊತೆ ಎರಡನೇ ಪಿಯುಸಿ ಓದುವ ಹುಡುಗಿಯರು "ಏನ್ ಷೋಕಿ ಬೇ ನಿಂದು" ಎಂದು ನಗುತ್ತಿದ್ದರು. ಷೋಕಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಬಳಗಾನೂರಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಿ ಹಚ್ಚಿ ಬೆರಳ ಸಂದಿಯಲ್ಲೆಲ್ಲ ಕೆಸರುಹುಣ್ಣು ಎದ್ದು, ಉಗುರುಗಳು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಅದನ್ನು ಮುಚ್ಚಲು ಗೆಳತಿ ಲಾಲ್‌ಬೀ ಕಲಿಸಿದ ಉಪಾಯ ಅದು. ಗೋರಂಟಿ ಹುಣ್ಣಿಗೂ ಮದ್ದು, ಗುಟ್ಟಿಗೂ ಮದ್ದು.

ಗುಟ್ಟು ಯಾಕೆ ಎಂದು ಕೇಳುವವರು ಆ ಕಾಲೇಜಿನ ವರಾಂಡದಲ್ಲಿ ಒಂದು ದಿನ ನಿಂತು ನೋಡಬೇಕಿತ್ತು. ಯಾವಳಾದರೂ ಹುಡುಗಿ ಬಿದ್ದ ಪುಸ್ತಕ ಎತ್ತಿಕೊಳ್ಳಲು ಬಗ್ಗಿದರೆ ಸಾಕು, ಹಿಂದಿನಿಂದ ಒಬ್ಬ "ಎಷ್ಟು ಎಕರೆ ಹಚ್ಚಿದಿ ಬೇ?" ಎಂದು ಕೂಗುವನು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವರು. ದಿನಾ ಎರಡು ಹೊತ್ತು ಅವರು ಉಣ್ಣುವ ಅನ್ನ ಆಕಾಶದಿಂದ ಉದುರಿತ್ತೋ ಏನೋ. ಬಸ್ಸಮ್ಮ ಅಲ್ಲಿ ಬಗ್ಗುತ್ತಲೇ ಇರಲಿಲ್ಲ. ಪುಸ್ತಕ ಬಿದ್ದರೆ ಕುಕ್ಕರಗಾಲಲ್ಲಿ ಕುಳಿತು ಎತ್ತಿಕೊಳ್ಳುವಳು. ಅವಳ ಗುಟ್ಟು ಗೊತ್ತಿದ್ದವರು ಇಬ್ಬರೇ. ಒಬ್ಬಳು ಲಾಲ್‌ಬೀ, ಇನ್ನೊಬ್ಬ ಅದೇ ತರಗತಿಯ ಮಾನಪ್ಪ. ಬಸ್ಸಮ್ಮನ ಅವ್ವ ಆದಮ್ಮನ ಗುಂಪು ಸಸಿ ಹಚ್ಚುತ್ತಿದ್ದುದೇ ಮಾನಪ್ಪನ ಅಪ್ಪನ ಗದ್ದೆಗಳಲ್ಲಿ. ಅವನು ಇದುವರೆಗೆ ಬಾಯಿ ಬಿಟ್ಟಿರಲಿಲ್ಲ. ಮುಂದೆಯೂ ಬಿಡುವುದಿಲ್ಲ ಎಂಬ ಭರವಸೆ ಅವಳಿಗೆ ಇರಲಿಲ್ಲ.

ತೊಂಬತ್ತಮೂರರ ಆಗಸ್ಟಿನಲ್ಲಿ ಕಾಲೇಜಿನ ಫಲಕದ ಮೇಲೆ ಒಂದು ಕಾಗದ ಬಿತ್ತು. ಹಿಮಾಲಯದಲ್ಲಿ ಹದಿನೈದು ದಿನದ ಪರ್ವತಾರೋಹಣ ಶಿಬಿರ, ಖರ್ಚೆಲ್ಲ ಸರ್ಕಾರದ್ದು, ಕಾಲೇಜಿಗೆ ಇಬ್ಬರು. ಆಯ್ಕೆ ಮಾಡುವವರು ವ್ಯಾಯಾಮದ ಮಾಸ್ತರರಾದ ಗ್ಯಾನಪ್ಪ. ಪರೀಕ್ಷೆಯೂ ಸರಳ. ಮಸ್ಕಿಯ ಗುಡ್ಡವನ್ನು ಹಿಂದಿನ ಬೋಳು ಬಂಡೆಯ ಕಡೆಯಿಂದ ಹತ್ತಿ, ನೆತ್ತಿಯಲ್ಲಿ ನೆಟ್ಟ ಬಿದಿರಿನ ಬಾವುಟ ಮುಟ್ಟಿ, ಅದೇ ದಾರಿಯಲ್ಲಿ ಇಳಿದು ಬರಬೇಕು.

ಬಸ್ಸಮ್ಮ ಆ ಕಾಗದವನ್ನು ಮೂರು ಸಲ ಓದಿದಳು. ಬಳಗಾನೂರಿನ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಲ್ಲಿ ಒಂದು ಹಿಮದ ಬೆಟ್ಟವಿತ್ತು. ಡಿಸೆಂಬರ್ ಕಳೆದರೂ ಅದನ್ನು ತೆಗೆಯಬೇಡಿರೆಂದು ಅಂಗಡಿಯವನಿಗೆ ಅವಳು ಹೇಳಿದ್ದಳು. ಹನ್ನೊಂದನೆಯ ವಯಸ್ಸಿನಿಂದ ಅವಳು ಹೆಚ್ಚು ನೋಡಿದ್ದು ತನ್ನ ಎರಡು ಕಾಲುಗಳ ನಡುವಿನ ಕೆಸರುನೀರನ್ನು. ಬಗ್ಗಿ ಬಗ್ಗಿ ನೆಲ ನೋಡಿದ್ದು ಅವಳಿಗೆ ಸಾಕಾಗಿಹೋಗಿತ್ತು. ಒಮ್ಮೆಯಾದರೂ ಎತ್ತರದಲ್ಲಿ ನೆಟ್ಟಗೆ ನಿಂತು ದೂರ ನೋಡಬೇಕೆಂಬ ಆಸೆ ಹಸಿವಿನ ಹಾಗೆ ಹೊಟ್ಟೆಯಲ್ಲೇ ಇತ್ತು. ಅವಳು ಹೆಸರು ಬರೆಸಿದಳು. ಒಬ್ಬಳೇ ಹುಡುಗಿ ಆಗಬಾರದೆಂದು ಲಾಲ್‌ಬೀಯ ಹೆಸರನ್ನೂ ಅವಳನ್ನು ಕೇಳದೆ ಬರೆಸಿದಳು.

"ನಮ್ಮ ಅಮ್ಮಿ ನನ್ನ ಗಂಗಾವತಿಗೂ ಕಳಿಸಂಗಿಲ್ಲ, ನೀ ಹಿಮಾಲಯಕ್ಕ ಬರಿಸಿಯಲ್ಲಬೇ" ಎಂದು ಲಾಲ್‌ಬೀ ಬೈದಳು. ಬೈದರೂ ತನ್ನ ಅಣ್ಣನ ಕ್ಯಾನ್ವಾಸ್ ಬೂಟು ತಂದುಕೊಟ್ಟಳು. ದೊಡ್ಡದಾಗಿದ್ದವು, ತುದಿಗೆ ಹತ್ತಿ ತುರುಕಿದರು.

ಅದು ಮಘಾ ಮಳೆಯ ಕಾಲ. ಮಗೆ ಮಳೆ ಬಂದಷ್ಟು ಮೇಲು, ಮನೆ ಮಗ ಉಂಡಷ್ಟು ಮೇಲು ಎಂದು ಗಾದೆ. ಮಗಳು ಎಷ್ಟು ಉಣ್ಣಬೇಕೆಂದು ಆ ಗಾದೆ ಹೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಕಾಲೇಜಿನವರನ್ನು ಹೊತ್ತ ಕೆಂಪು ಬಸ್ಸಿಗೆ ಬಸ್ಸಮ್ಮ ಬಳಗಾನೂರಿನಲ್ಲಿ ಹತ್ತಿದಳು. ಮಸ್ಕಿಯಲ್ಲಿ ಇಳಿಯುವಾಗ ಲಿಂಗಸುಗೂರಿನ ದಿಕ್ಕಿನಲ್ಲಿ ಮೋಡ ಕರಿಕಂಬಳಿ ಹೊದ್ದುಕೊಂಡಿತ್ತು. ಹದಿಮೂರು ಜನ ಬಂದಿದ್ದರು, ಹನ್ನೊಂದು ಗಂಡು, ಎರಡು ಹೆಣ್ಣು. ಮಾಸ್ತರರು ಛತ್ರಿಯನ್ನು ಚಹದಂಗಡಿಯ ಬೆಂಚಿಗೆ ಒರಗಿಸಿ ಎಲ್ಲರನ್ನೂ ಎಣಿಸಿದರು.

"ಹುಡುಗೇರು ಇಬ್ಬರೂ ಮುಂದಿನ ಮೆಟ್ಟಲ ಹತ್ತಿ ಮಲ್ಲಯ್ಯನ ಗುಡಿಗೆ ಹೋಗಿ ಕಾಯಿ ಒಡಿಸ್ಕೊಂಡು ಬರ್ರಿ. ಹಿಂದಿನ ಕಲ್ಲು ಗಂಡು ಹುಡುಗ್ರಿಗೆ."

"ಹಂಗಂತ ಕಾಗದದಾಗ ಬರದೈತೇನ್ರಿ ಸರ?" ಎಂದಳು ಬಸ್ಸಮ್ಮ.

"ಎಲ್ಲಾ ಕಾಗದದಾಗ ಬರಿಯಾಕ ಆಗ್ತದೇನವಾ? ತಿಳ್ಕೋಬೇಕು."

"ನಂಗ ತಿಳಿವಲ್ದ್ರಿ."

ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರ ಮುಖ ಗಂಟಾಯಿತು. "ಹತ್ತು ಹಂಗಾದ್ರ. ಅರ್ಧಕ್ಕ ಕುಂತು ಅತ್ತರ ನಾ ಬರಂಗಿಲ್ಲ" ಎಂದವರೇ ಅಂಗಡಿಯವನಿಗೆ ಚಹ ತರಲು ಹೇಳಿದರು. ಬಸ್ಸಮ್ಮ ಬೂಟಿನ ದಾರ ಬಿಗಿಯುತ್ತಿದ್ದಾಗ ಮಾನಪ್ಪ ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವ ಹಾಗೆ, "ಬೂಟು ಯಾಕ? ನಿಂಗ ಕೆಸರು ರೂಢಿ ಐತೆಲ್ಲ" ಎಂದು ಮುಂದೆ ಹೋದ. ಕಿಚಾಯಿಸಿದನೋ, ಬೆದರಿಸಿದನೋ, ಅವನಿಗೇ ಗೊತ್ತಿತ್ತೋ ಇಲ್ಲವೋ. ಬಸ್ಸಮ್ಮನ ಕಿವಿ ಬಿಸಿಯಾದವು. ದಾರವನ್ನು ಇನ್ನೂ ಒಂದು ಸುತ್ತು ಬಿಗಿದಳು.

ಹತ್ತುವುದು ಕಷ್ಟವಾಗಲಿಲ್ಲ. ಬಂಡೆ ಒಣಗಿತ್ತು, ಗಾಳಿ ಮಾತ್ರ ಕೆಟ್ಟದ್ದಿತ್ತು. ಆಷಾಢ ಮುಗಿದು ತಿಂಗಳಾದರೂ ಅದಕ್ಕೆ ಯಾರೂ ಹೇಳಿದಂತಿರಲಿಲ್ಲ. ಲಂಗವನ್ನು ಕಚ್ಚೆಯ ಹಾಗೆ ಮೇಲೆತ್ತಿ ಕಟ್ಟಿ, ದಾವಣಿಯನ್ನು ಸೊಂಟಕ್ಕೆ ಸುತ್ತಿ ಬಸ್ಸಮ್ಮ ಹತ್ತಿದಳು. ಅರ್ಧಕ್ಕೆ ಬಂದಾಗ ಮೊದಲ ಹನಿಗಳು ಬಿದ್ದವು. ಒಂದೊಂದು ಹನಿಯೂ ಎಂಟಾಣೆಯಷ್ಟು ಅಗಲ. ಕೆಳಗಿನಿಂದ ಬರುತ್ತಿದ್ದವರಲ್ಲಿ ಒಬ್ಬ ನಿಂತ, ಅವನನ್ನು ನೋಡಿ ಇಬ್ಬರು ನಿಂತರು, ಆಮೇಲೆ ಒಂಬತ್ತು ಗಂಡುಗಲಿಗಳು ಒಬ್ಬರ ಹಿಂದೊಬ್ಬರು ಕುಂಡಿ ಸವರಿಕೊಂಡು ಇಳಿದುಹೋದರು. ಮೇಲೆ ಉಳಿದವರು ನಾಲ್ವರು: ಬಸ್ಸಮ್ಮ, ಲಾಲ್‌ಬೀ, ಮಾನಪ್ಪ, ಮತ್ತು ಸೈಕಲ್ ಅಂಗಡಿಯವರ ಮಗ ಅಲ್ಲಾಭಕ್ಷ್. ಈ ಅಲ್ಲಾಭಕ್ಷ್ ತುಂಬು ಮೈಯವನು, ಒಳ್ಳೆಯವನು. ಹೆದರಿಕೆಯಾದಾಗ ಅದನ್ನು ಮುಚ್ಚಿಡಲು ಬಾರದವನು.

"ನಾವೂ ಇಳಿಯಾಣೇನು?" ಎಂದ ಅವನು.

"ನೀ ಇಳಿ. ನಾ ಬಾವುಟ ಮುಟ್ಟಾಕ ಬಂದೀನಿ" ಎಂದಳು ಬಸ್ಸಮ್ಮ. ಹಾಗೆಂದ ಮೇಲೆ ಮಾನಪ್ಪನಿಗೆ ಇಳಿಯಲು ಮುಖವಿರಲಿಲ್ಲ. ಅಲ್ಲಾಭಕ್ಷನಿಗೆ ಒಬ್ಬನೇ ಇಳಿಯಲು ಧೈರ್ಯವಿರಲಿಲ್ಲ.

ನೆತ್ತಿಗೆ ಬಂದಾಗ ಗಾಳಿ ಬಾವುಟವನ್ನು ಹರಿದು ಚಿಂದಿ ಮಾಡಿತ್ತು. ನಾಲ್ವರೂ ಬಿದಿರು ಮುಟ್ಟಿದರು. ಬಸ್ಸಮ್ಮ ಒಂದು ಗಳಿಗೆ ನೆಟ್ಟಗೆ ನಿಂತಳು. ಕೆಳಗೆ ಮಸ್ಕಿ ಊರು, ಆಚೆ ಕಾಲುವೆ, ಅದರಾಚೆ ಹಸಿರು ಗದ್ದೆಗಳು ಕಂಡವು. ಅಲ್ಲೆಲ್ಲೋ ಅವ್ವ ಬಗ್ಗಿ ನಿಂತಿದ್ದಾಳೆ ಎಂದುಕೊಂಡಳು. ಅಷ್ಟರಲ್ಲಿ ಮಳೆ ಬಂದು ಎಲ್ಲವನ್ನೂ ಅಳಿಸಿತು.

ಅದು ಬರೀ ಮಳೆಯಲ್ಲ. ಮುಖಕ್ಕೆ ಮರಳು ಎರಚಿದ ಹಾಗೆ ಹೊಡೆಯುತ್ತಿತ್ತು. ಗುಡಿಯ ಮೆಟ್ಟಿಲ ಕಡೆ ಹೋಗೋಣವೆಂದರೆ ನಡುವಿನ ಕೊರಕಲಿನಲ್ಲಿ ನೀರು ಕಲ್ಲುಗಳನ್ನು ಉರುಳಿಸುತ್ತ ಹರಿಯುತ್ತಿತ್ತು. ಊರ ಮೇಲೆ ಸಿಡಿಲು ಬಡಿಯಿತು. ನಿಲ್ಲೋಣವೆಂದರೆ ಬೋಳು ನೆತ್ತಿಯಲ್ಲಿ ಆ ಬಿದಿರೊಂದು ಬಿಟ್ಟರೆ ಎತ್ತರದವರು ಇವರೇ. ಬಂದ ದಾರಿಯಲ್ಲೇ ಇಳಿಯಬೇಕು, ಈಗಲೇ ಇಳಿಯಬೇಕು.

ಒಣಗಿದ್ದಾಗ ಒರಟಾಗಿದ್ದ ಬಂಡೆ, ನೆನೆದ ಮೇಲೆ ಪಾಚಿ ಎದ್ದು ಎಣ್ಣೆ ಸವರಿದಂತಾಗಿತ್ತು. ಮಾನಪ್ಪ ಮುಂದಾದ. ಗುಡ್ಡಕ್ಕೆ ಬೆನ್ನು ಕೊಟ್ಟು, ಮುಖ ಇಳಿಜಾರಿನ ಕಡೆಗಿಟ್ಟು ನಾಲ್ಕು ಹೆಜ್ಜೆ ಇಟ್ಟ. ಐದನೆಯದಕ್ಕೆ ಕಾಲು ಜಾರಿ ಸರ್ರನೆ ಕೆಳಗೆ ಹೋದ. ಎರಡಾಳುದ್ದ ಜಾರಿ ಒಂದು ಜಾಲಿಕಂಟಿಯನ್ನು ತಬ್ಬಿ ನಿಂತ. ಅಂಗಿ ಹರಿದಿತ್ತು, ಒಂದು ಬೂಟು ಉರುಳುತ್ತಾ ಹೋಯಿತು. ಅದು ಕೆಳಗೆ ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿತು.

"ಯವ್ವಾ, ನಾ ಸತ್ತೆ" ಎಂದು ಅವನು ಕೂಗಿದ. ಅಲ್ಲಾಭಕ್ಷ್ ಕಣ್ಣುಮುಚ್ಚಿ ದುವಾ ಹೇಳತೊಡಗಿದ.

ಬಸ್ಸಮ್ಮನೂ ಒಂದು ಹೆಜ್ಜೆ ಇಟ್ಟಳು, ಬೂಟು ಜಾರಿ ಮೊಣಕಾಲು ಕಲ್ಲಿಗೆ ಬಡಿಯಿತು. ಕುಳಿತಲ್ಲೇ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆರು ವರ್ಷ ಪಾಚಿಗಟ್ಟಿದ ಬದುವಿನ ಮೇಲೆ, ಮೊಣಕಾಲ ಮಟ್ಟದ ಕೆಸರಿನಲ್ಲಿ, ತಲೆಯ ಮೇಲೆ ಸಸಿಯ ಕಟ್ಟು ಹೊತ್ತು ಓಡಾಡಿದವಳು ತಾನು. ಒಂದು ದಿನವೂ ಬಿದ್ದಿರಲಿಲ್ಲ. ಈಗ ಯಾರದೋ ಅಣ್ಣನ ಬೂಟಿನೊಳಗೆ ಕಾಲು ಬಚ್ಚಿಟ್ಟು ಸಾಯಲು ಕುಳಿತಿದ್ದಾಳೆ. ದಾರ ಬಿಚ್ಚಿ ಎರಡೂ ಬೂಟು ಕಿತ್ತಳು, ಕೊರಳಿಗೆ ನೇತುಹಾಕಿಕೊಂಡಳು. ಗೋರಂಟಿ ಬೆರಳುಗಳು ಕಲ್ಲಿಗೆ ತಾಗಿದ ಕೂಡಲೇ ಕಾಲಿಗೆ ಬುದ್ಧಿ ಬಂತು.

ಸಸಿ ಹಚ್ಚುವವರು ಮುಂದೆ ನಡೆಯುವುದಿಲ್ಲ. ಮುಂದೆ ಹೋದರೆ ಹಚ್ಚಿದ್ದನ್ನೇ ತುಳಿಯಬೇಕು. ಸೊಂಟ ಬಗ್ಗಿಸಿ, ಕೈ ನೆಲಕ್ಕಿಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು. ಹಿಂದೆ ಕಣ್ಣಿಲ್ಲ, ಕಾಲ್ಬೆರಳೇ ಕಣ್ಣು. ಬೆರಳು ಮೊದಲು ತಡವುತ್ತದೆ, ಗಟ್ಟಿ ಎನಿಸಿದರೆ ಮಾತ್ರ ಹಿಮ್ಮಡಿಯ ಭಾರ ಬಿಡಬೇಕು. ಇಷ್ಟನ್ನು ಕಲಿಯಲು ಯಾರೂ ಹಿಮಾಲಯಕ್ಕೆ ಹೋಗಬೇಕಿಲ್ಲ.

ಬಸ್ಸಮ್ಮ ಹೊರಳಿ ಬಂಡೆಗೆ ಮುಖ ಕೊಟ್ಟು, ಬಗ್ಗಿ, ಹಿಂದಕ್ಕೆ ಸರಿಯುತ್ತ ಮಾನಪ್ಪನ ಮಟ್ಟಕ್ಕೆ ಇಳಿದಳು. ಲಾಲ್‌ಬೀ ಏನೂ ಕೇಳದೆ ಚಪ್ಪಲಿ ಬಿಟ್ಟು ಹಾಗೆಯೇ ಹಿಂಬಾಲಿಸಿದಳು. ಅಲ್ಲಾಭಕ್ಷ್ ದುವಾ ಅರ್ಧಕ್ಕೆ ನಿಲ್ಲಿಸಿ, ಇವರನ್ನು ನೋಡಿಕೊಂಡು ನಾಲ್ಕು ಕಾಲಲ್ಲಿ ಬಂದ.

"ಮಾನಪ್ಪ, ಕಂಟಿ ಬಿಡು. ಹೊಳ್ಳಿ ನಿಂದ್ರು."

"ಹೊಳ್ಳಾಕ ಬರವಲ್ದು. ಕಾಲು ನಡಗಾಕತ್ತಾವ."

"ನಿಮ್ಮಪ್ಪನ ಗದ್ದ್ಯಾಗ ನಾವು ಹೆಂಗ ಹಿಂದ ಸರಿತೀವಿ, ನೋಡೀಯಿಲ್ಲ? ಬದುವಿನ ಮ್ಯಾಲೆ ಛತ್ರಿ ಹಿಡ್ಕೊಂಡು ನಿಂತು ನೋಡೀಯಲ್ಲ? ಹಂಗ ಬಗ್ಗು. ಹಂಗ ಸರಿ."

ಅಲ್ಲಾಭಕ್ಷ್ ಮಳೆಯಲ್ಲೇ ಬಾಯಿ ತೆರೆದ. "ನೀ ನೆಲ್ಲು ಹಚ್ಚಾಕ ಹೋಗ್ತೀಯೇನು?"

"ಹೂಂ. ಹನ್ನೊಂದು ವರ್ಷದಕಿ ಇದ್ದಾಗಿಂದ ಹಚ್ಚಾಕತ್ತೀನಿ. ನಗಾದಿದ್ರ ಇಲ್ಲೇ ನಕ್ಕಬಿಡು. ಕೆಳಗ ಹೋದಮ್ಯಾಲೆ ನಾ ನಗಾಕ ಬಿಡಂಗಿಲ್ಲ."

ಹೇಳಿಬಿಟ್ಟಳು. ಎರಡು ವರ್ಷ ಬೆರಳಿಗೆ ಬಣ್ಣ ಬಳಿದು ಕಾಪಾಡಿದ ಗುಟ್ಟು ಮಸ್ಕಿಯ ಮಳೆಯಲ್ಲಿ ತೊಳೆದುಹೋಯಿತು. ಅವಳಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹೊತ್ತ ಕಟ್ಟನ್ನು ಇಳಿಸಿದಂತೆ ಹಗುರವೇ ಆಯಿತು.

ದಾವಣಿಯನ್ನು ಸೊಂಟದಿಂದ ಬಿಚ್ಚಿ, ಲಾಲ್‌ಬೀಯ ದುಪಟ್ಟಾದ ಜೊತೆ ಗಂಟು ಹಾಕಿ, ಸಸಿಯ ಸಾಲಿಗೆ ಹಗ್ಗ ಹಿಡಿದಂತೆ ನಾಲ್ವರ ನಡುವೆ ಅಡ್ಡ ಹಿಡಿಸಿದಳು. ಎಲ್ಲರೂ ಒಂದೇ ಸಾಲಿನಲ್ಲಿ ಇರಬೇಕು, ಒಬ್ಬರು ಜಾರಿದರೆ ಉಳಿದ ಮೂವರು ಜಗ್ಗಬೇಕು. ಆಮೇಲೆ ಅವಳು ಕೂಗು ಕೊಟ್ಟಳು. ಆ ದನಿ ಅವಳದಲ್ಲ, ಗದ್ದೆಯಲ್ಲಿ ಹದಿನೈದು ಹೆಂಗಸರನ್ನು ನಡೆಸುವ ಆದಮ್ಮನದು.

"ಎಡಗಾಲು ಹಿಂದ! ಬೆರಳಿಲೆ ಹುಡುಕು! ಸಿಕ್ತೇನು? ಭಾರ ಬಿಡು! ಬಲಗಾಲು ಹಿಂದ!"

"ನನ್ನ ಸೊಂಟ ಹೊಂಟೈತಿ" ಎಂದು ಮಾನಪ್ಪ ಅರ್ಧ ದಾರಿಯಲ್ಲಿ ನೆಟ್ಟಗಾಗಲು ಹೋದ.

"ಸಾಲು ಮುಗಿಯೋತನ ಸೊಂಟ ಎತ್ತಬಾರದು! ಬಗ್ಗು!" ಎಂದು ಗದರಿದಳು. ಗದ್ದೆಯಲ್ಲಿ ಇದು ನಿಯಮ. ಒಬ್ಬಳು ಎದ್ದರೆ ಸಾಲೇ ಕೆಡುತ್ತದೆ. ಮಾನಪ್ಪ ತನ್ನ ಜನ್ಮದಲ್ಲಿ ಮೊದಲ ಬಾರಿ ಕೂಲಿಯವಳ ಮಾತು ಕೇಳಿ ಬಗ್ಗಿದ. ಎರಡು ಕಡೆ ಅಲ್ಲಾಭಕ್ಷ್ ಜಾರಿದ, ದಾವಣಿ ಚರ್ರೆಂದಿತು, ಮೂವರೂ ಜಗ್ಗಿ ಹಿಡಿದರು. ಕೆಳಗೆ ಕಾಲಿಗೆ ಮಣ್ಣು ಸಿಕ್ಕಿದಾಗ ಲಾಲ್‌ಬೀ ಅಲ್ಲೇ ಕುಳಿತು ನಗಲು ಹತ್ತಿದಳು. ಅವಳ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಚಹದಂಗಡಿಯ ತಗಡಿನ ಕೆಳಗೆ ಮಾಸ್ತರರು ಒಂದು ಹನಿಯೂ ತಾಗದೆ ಕುಳಿತಿದ್ದರು. ನಾಲ್ವರು ಬದುಕಿ ಬಂದದ್ದನ್ನು ನೋಡಿ ಅವರಿಗೆ ಉಸಿರು ಬಂತು. ಉಸಿರು ಬಂದ ಮೇಲೆ ಜೋರೂ ಬಂತು.

"ಶಾಬಾಸ್. ಮಾನಪ್ಪ, ಅಲ್ಲಾಭಕ್ಷ್, ನಿಮ್ಮಿಬ್ಬರ ಹೆಸರು ಬರೀತೀನಿ."

"ಬಾವುಟ ನಾನೂ ಮುಟ್ಟೀನ್ರಿ" ಎಂದಳು ಬಸ್ಸಮ್ಮ. ಮೊಣಕಾಲಿನ ರಕ್ತ ಮಳೆನೀರಿನ ಜೊತೆ ಪಾದಕ್ಕಿಳಿಯುತ್ತಿತ್ತು.

"ಮುಟ್ಟೀಯವಾ. ಆದರ ಹೆಣ್ಣು ಹುಡುಗೀನ ಅಷ್ಟು ದೂರ ಕಳಿಸಿ, ನಾಳೆ ಹೆಚ್ಚುಕಡಿಮಿ ಆದ್ರ ಉತ್ತರ ಯಾರು ಕೊಡಬೇಕು?"

ಅವಳು ಮಾನಪ್ಪನ ಕಡೆ ನೋಡಿದಳು. ಮಾನಪ್ಪ ತನ್ನ ಒಂಟಿ ಬೂಟನ್ನು ನೋಡುತ್ತಿದ್ದ. ಬಾಯಿ ಬಿಡಬಾರದ ಎರಡು ವರ್ಷ ಅವನು ಬಿಟ್ಟಿರಲಿಲ್ಲ, ನಿಜ. ಬಿಡಬೇಕಾದ ಈ ಒಂದು ಗಳಿಗೆಯಲ್ಲೂ ಬಿಡಲಿಲ್ಲ. ಬಾಯಿ ತೆರೆದವನು ಅಲ್ಲಾಭಕ್ಷ್.

"ಸರ, ಆಕಿ ಇಳಿಸ್ಯಾಳ ನಮ್ಮನ್ನ. ಆಕಿ ಇಲ್ಲಂದ್ರ ನೀವು ನಮ್ಮ ಮನಿಗೆ ಹೆಣ ಒಯ್ಯಬೇಕಿತ್ತು. ನನ್ನ ಹೆಸರು ತಗೀರಿ ಬೇಕಾದ್ರ. ನಾ ಮತ್ತ ಗುಡ್ಡ ಹತ್ತಾಂವ ಅಲ್ಲ, ಅಲ್ಲಾನ ಆಣಿ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ತರರು ಚೀಲದಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟರು. "ಹಿಡಿ. ಪಾಲಕರ ಸಹಿ ಬೇಕು. ನಾಳೆ ಹನ್ನೊಂದಕ್ಕ ಟಪಾಲು ಹೋಗ್ತದ. ನಿಮ್ಮ ಮನ್ಯಾಗ ಯಾರು ಸಹಿ ಹಾಕ್ತಾರ, ನಾನೂ ನೋಡ್ತೀನಿ." ಯಾರೂ ಹಾಕುವುದಿಲ್ಲ ಎಂಬ ನೆಚ್ಚಿಗೆ ಅವರ ದನಿಯಲ್ಲೇ ಇತ್ತು. ಬಸ್ಸಮ್ಮ ಫಾರಮನ್ನು ಅಂಗಡಿಯವ ಕೊಟ್ಟ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡಳು.

ಆ ಸಂಜೆ ಅವ್ವನ ಮುಂದೆ ಮಾತು ತೆಗೆಯಲು ಅವಳಿಗೆ ಧೈರ್ಯ ಸಾಲಲಿಲ್ಲ. ಬಂಡೆಗೆ ಹೆದರದವಳು ಅವ್ವನಿಗೆ ಹೆದರಿದಳು. ಅಪ್ಪ ಅಂಬಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಹೌದು ಅನ್ನುವುದೂ ಇಲ್ಲ ಅನ್ನುವುದೂ ಆದಮ್ಮನೇ. ಬೆಳಿಗ್ಗೆ ಎದ್ದಾಗ ಆದಮ್ಮ ಗುಂಪು ಕಟ್ಟಿಕೊಂಡು ಹೋಗಿಯಾಗಿತ್ತು. ಬಸ್ಸಮ್ಮ ಫಾರಂ ಹಿಡಿದು ಗದ್ದೆಗೆ ಓಡಿದಳು. ಮಾನಪ್ಪನ ಅಪ್ಪನದೇ ಗದ್ದೆ, ಹದಿನಾರು ಬಗ್ಗಿದ ಬೆನ್ನುಗಳು.

"ಯವ್ವಾ, ಇದಕ್ಕ ಹೆಬ್ಬಟ್ಟು ಒತ್ತು. ಹಿಮಾಲಯಕ್ಕ ಹೋಗಬೇಕು ನಾ."

ಆದಮ್ಮ ಸೊಂಟ ಎತ್ತಲಿಲ್ಲ. ಸಾಲು ಇನ್ನೂ ಅರ್ಧಕ್ಕೇ ಇತ್ತು. "ಅಲ್ಲೇನು ನೆಲ್ಲು ಬೆಳಿತಾರೇನು?"

"ಇಲ್ಲ. ಬರೇ ಬರ್ಫ."

"ಮತ್ತ ಯಾಕ ಹೊಂಟಿ?"

"ನೆಟ್ಟಗ ನಿಂತು ನೋಡಾಕ."

ಹೆಂಗಸರ ಕೈಗಳು ಒಂದು ಕ್ಷಣ ನಿಂತು ಮತ್ತೆ ನಡೆದವು. ಆದಮ್ಮ ಸಸಿ ಒತ್ತುತ್ತಲೇ ಕೇಳಿದಳು, "ಮೊಣಕಾಲಿಗೆ ಏನಾತು?" ಬಸ್ಸಮ್ಮ ಬದುವಿನ ಮೇಲೆ ನಿಂತು ಎಲ್ಲ ಹೇಳಿದಳು. ಬೂಟು ಕಿತ್ತದ್ದು, ದಾವಣಿ ಹಿಡಿದದ್ದು, ಸಾಹುಕಾರನ ಮಗ ಬಗ್ಗಿ ಹಿಂದೆ ಸರಿದದ್ದು. ಅಷ್ಟು ಹೇಳುವಷ್ಟರಲ್ಲಿ ಹದಿನೈದು ಹೆಂಗಸರು ನಗೆಯಲ್ಲಿ ಕೆಸರಿಗೆ ಬೀಳುವುದೊಂದು ಬಾಕಿ. ಆದಮ್ಮ ಮಾತ್ರ ನಗಲಿಲ್ಲ. ಸಾಲು ಬದುವಿಗೆ ಬಂದು ಮುಗಿದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಎದ್ದಳು. ಮಗಳ ಬರಿಗಾಲನ್ನು ನೋಡಿದಳು. ಕಾಲೇಜಿಗೆ ಹೊರಟ ಮಗಳನ್ನು ಬರಿಗಾಲಲ್ಲಿ ಅವಳು ಎರಡು ವರ್ಷದಿಂದ ಕಂಡಿರಲಿಲ್ಲ.

"ಮಸಿ ಎಲ್ಲೈತಿ?"

ಮಸಿ ತರುವುದನ್ನು ಬಸ್ಸಮ್ಮ ಮರೆತಿದ್ದಳು. ಊರಿಗೆ ಹೋಗಿ ತಂದರೆ ಬಸ್ಸು ತಪ್ಪುತ್ತದೆ. ಅವಳ ಮುಖ ಸಣ್ಣಗಾಯಿತು.

"ಅಳಬ್ಯಾಡ. ಹಿಡಿ ಇಲ್ಲಿ" ಎಂದ ಆದಮ್ಮ ಬದುವಿನ ಎರೆಮಣ್ಣಿಗೆ ಹೆಬ್ಬೆರಳು ಒತ್ತಿ, ಹೆಚ್ಚಿನ ಕೆಸರನ್ನು ಸೀರೆಗೆ ಒರೆಸಿ, ಫಾರಮಿನ ಮೇಲೆ ನಿಧಾನವಾಗಿ ಹೊರಳಿಸಿದಳು. "ಹೋಗು. ಹೆಂಗ ಹತ್ತೀಯೋ ಹಂಗ ಇಳಿದು ಬಾ" ಎಂದು ಮತ್ತೊಂದು ಸಾಲಿಗೆ ಬಗ್ಗಿದಳು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಸ್ಸಮ್ಮ ಕಾಲೇಜಿನ ವರಾಂಡ ಹತ್ತಿದಳು. ಬರಿಗಾಲು, ಮೊಣಕಾಲ ಕೆಳಗೆ ಒಣಗಿದ ಕೆಸರು. ಕಂಬಕ್ಕೊರಗಿದ ಹುಡುಗರಲ್ಲಿ ಒಬ್ಬ "ಎಷ್ಟು ಎಕರೆ ಹಚ್ಚಿದಿ ಬೇ?" ಎಂದ, ರೂಢಿಯಂತೆ.

"ಮೂರೂವರಿ. ನೀ ಉಂಡ ಗಂಗಾಳದಾಗಿನ ನೆಲ್ಲು ಯಾರು ಹಚ್ಯಾರ, ಮನಿಗೆ ಹೋಗಿ ಕೇಳು" ಎಂದು ನಿಲ್ಲದೆ ಒಳಗೆ ಹೋದಳು. ಅವನ ಗುಂಪಿನಲ್ಲಿ ಮಾನಪ್ಪನೂ ಇದ್ದ. ಆ ಸಲ ಯಾರೂ ನಗಲಿಲ್ಲ.

ಮಾಸ್ತರರು ಫಾರಂ ತಿರುಗಿಸಿ ತಿರುಗಿಸಿ ನೋಡಿದರು. "ಇದೇನವಾ? ಕೆಸರು ಮೆತ್ಯದಲ್ಲ. ಸರ್ಕಾರಕ್ಕ ಹೋಗೋ ಕಾಗದ ಇದು. ಬ್ಯಾರೆ ಫಾರಂ ತಗೊ, ಶಾಯಿಲೆ ಒತ್ತಿಸ್ಕೊಂಡು ಬಾ."

"ಬ್ಯಾರೆ ಬ್ಯಾಡ್ರಿ. ಅದು ಕೆಸರು ಮೆತ್ತಿದ್ದಲ್ಲ, ನಮ್ಮವ್ವನ ಹೆಬ್ಬಟ್ಟು. ಗೆರಿ ಎಣಿಸಿ ನೋಡ್ರಿ."

ಗೆರೆಗಳು ಒಂದೂ ತಪ್ಪದೆ ಮೂಡಿದ್ದವು. ಕಪ್ಪು ಎರೆಮಣ್ಣು ಒಣಗಿ ಕಾಗದಕ್ಕೆ ಕಚ್ಚಿಕೊಂಡಿತ್ತು. ಗಡಿಯಾರ ಹನ್ನೊಂದರ ಕಡೆಗೆ ಸರಿಯುತ್ತಿತ್ತು, ಬಾಗಿಲಲ್ಲಿ ಟಪಾಲಿನ ಜವಾನ ಚೀಲ ಹಿಡಿದು ನಿಂತಿದ್ದ. ಮಾಸ್ತರರು ಅವಳ ಮುಖ ನೋಡಿದರು, ಕಾಲು ನೋಡಿದರು, ಮತ್ತೆ ಮುಖ ನೋಡಿದರು. ಬಸ್ಸಮ್ಮ ಕಣ್ಣು ಇಳಿಸಲಿಲ್ಲ. ಕೊನೆಗೆ ಅವರು ಮೊಹರು ಎತ್ತಿ ಹೆಬ್ಬೆಟ್ಟಿನ ಪಕ್ಕಕ್ಕೆ ಒತ್ತಿದರು.

ಒತ್ತಿದ ಪೆಟ್ಟಿಗೆ ಮಣ್ಣಿನ ಎರಡು ಕಾಳು ಕಾಗದದ ಮೇಲೆ ಉದುರಿದವು. ಅವರು ಊದಲು ಬಗ್ಗಿದರು.

"ಊದಬ್ಯಾಡ್ರಿ ಸರ" ಎಂದಳು ಬಸ್ಸಮ್ಮ. "ಅದೂ ಹಿಮಾಲಯಕ್ಕ ಹೋಗ್ಲಿ."